ಕೊಳದ ದಂಡೆಯಲ್ಲಿ ಕುಳಿತವರಿಗೊಂದು ಮಾತು

ಪ್ರತಿ ವರ್ಷ ಶಾಲೆಗಳ ಪರೀಕ್ಷೆ ಮುಗಿದೊಡನೆ ನಮ್ಮ ಊರುಗಳ ಈಜುಕೊಳಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ. ಠಾಣೆಯ ಮಾರೋತರಾವ್ ಶಿಂದೆ ತರಣ್ ತಲಾವ್ ಇರಲಿ, ಡೊಂಬಿವಲಿಯ ಘರ್ಡಾ ವೃತ್ತದ ಬಳಿಯ ಸಾವಳಾರಾಮ ಮಹಾರಾಜ ಮ್ಹಾತ್ರೆ ಕ್ರೀಡಾ ಸಂಕುಲವಿರಲಿ, ಕಲ್ಯಾಣ ಅಥವಾ ವಾಶಿಯ ಯಾವುದೋ ಜಿಮಖಾನೆಯಿರಲಿ, ನೋಟ ಒಂದೇ. ಮಕ್ಕಳು ಬೊಬ್ಬೆ ಹಾಕುತ್ತ ನೀರಿಗೆ ಧುಮುಕುತ್ತಾರೆ. ತಾಯಂದಿರು ಟವೆಲು, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ದಂಡೆಯಲ್ಲಿ ಕುಳಿತಿರುತ್ತಾರೆ. ಮುಕ್ಕಾಲು ಗಂಟೆಯ ಬಳಿಕ ಶಿಳ್ಳೆ ಕೇಳುತ್ತದೆ. ಮಕ್ಕಳು ನಡುಗುತ್ತ ಮೇಲೆ ಬರುತ್ತವೆ, ತಾಯಂದಿರು ತಲೆ ಒರೆಸುತ್ತಾರೆ, ರಿಕ್ಷಾ ಹುಡುಕುತ್ತಾರೆ. ಇಬ್ಬರು ಮಕ್ಕಳ ತಾಯಿಯೊಬ್ಬರು ನಮ್ಮೊಡನೆ ಲೆಕ್ಕ ಹಾಕಿ ಹೇಳಿದರು: ಹಿರಿಯವಳದು ಮೂರು ಬೇಸಿಗೆ, ಕಿರಿಯವನದು ಮೂರು, ಒಟ್ಟು ಆರು ಬೇಸಿಗೆ ಅವರು ಆ ದಂಡೆಯಲ್ಲಿ ಕಳೆದಿದ್ದಾರೆ. ಅವರ ಕಾಲಿನ ಬೆರಳು ಕೂಡ ಆ ನೀರಿಗೆ ತಾಕಿಲ್ಲ. ಈ ನಡುವೆ ಅವರಿಗೆ ಮೊಣಕಾಲು ನೋವು ಶುರುವಾಗಿತ್ತು. ವೈದ್ಯರು ತೂಕ ಇಳಿಸಲು ಹೇಳಿದ್ದರು. ನಡೆಯಲಾಗದ್ದರಿಂದ ತೂಕ ಇಳಿಯುತ್ತಿರಲಿಲ್ಲ, ತೂಕ ಇಳಿಯದ್ದರಿಂದ ನಡೆಯಲಾಗುತ್ತಿರಲಿಲ್ಲ. ಮದ್ದು ಹತ್ತು ಅಡಿ ದೂರದಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು.

ಈ ಬರಹ ಆ ದಂಡೆಯಲ್ಲಿ ಕುಳಿತವರನ್ನು ಕುರಿತದ್ದು. ಈಜನ್ನು ನಾವು ಎರಡು ಕಪಾಟುಗಳಲ್ಲಿ ಇಟ್ಟು ಬೀಗ ಹಾಕಿದ್ದೇವೆ. ಒಂದು, ಮಕ್ಕಳ ಬೇಸಿಗೆ ರಜೆಯ ತರಗತಿ. ಇನ್ನೊಂದು, ಪದಕಗಳ ಲೋಕ. ಸಿಡ್ನಿ ಒಲಿಂಪಿಕ್ಸಿಗೆ ಹೋದ ಬೆಂಗಳೂರಿನ ನಿಶಾ ಮಿಲ್ಲೆಟ್, ಟೋಕಿಯೋ ಮತ್ತು ಪ್ಯಾರಿಸಿಗೆ ಹೋದ ಶ್ರೀಹರಿ ನಟರಾಜ್, ಹದಿನಾಲ್ಕರ ವಯಸ್ಸಿನಲ್ಲಿ ಪ್ಯಾರಿಸಿನ ಕೊಳಕ್ಕಿಳಿದ ಧಿನಿಧಿ ದೇಸಿಂಗು ಇವರ ಸುದ್ದಿಯನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಈ ಎರಡರ ನಡುವೆ ಬರುವ ಬಹುದೊಡ್ಡ ಜನವರ್ಗ, ಅಂದರೆ ನಲವತ್ತು ದಾಟಿದ, ಬೆನ್ನು ಹಿಡಿದ, ಸಕ್ಕರೆಯ ಮಾತ್ರೆ ನುಂಗುವ ನಾವು, ನೀರಿಗೂ ನಮಗೂ ಸಂಬಂಧವಿಲ್ಲವೆಂಬಂತೆ ಇದ್ದೇವೆ. ನಮ್ಮ ಅಭಿಪ್ರಾಯದಲ್ಲಿ ಈಜು ಮಕ್ಕಳಿಗಿಂತ ಹೆಚ್ಚಾಗಿ ಬೇಕಾಗಿರುವುದು ನಮಗೆ, ನಮ್ಮಲ್ಲೂ ಹೆಂಗಸರಿಗೆ.

ನಮ್ಮ ದೇಹಗಳ ಸ್ಥಿತಿಯನ್ನು ಮೊದಲು ನೋಡೋಣ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದದ್ದು 1853ರ ಏಪ್ರಿಲ್ 16ರಂದು. ಅಂದಿನಿಂದ ಈ ಭಾಗದ ಮನುಷ್ಯನ ದಿನಚರಿಯನ್ನು ಬರೆಯುತ್ತಿರುವುದು ರೈಲಿನ ವೇಳಾಪಟ್ಟಿ. ಡೊಂಬಿವಲಿಯಿಂದ ಹೊರಟವನು ಒಂದು ಗಂಟೆಯ ಮೇಲೆ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಹೆಗಲಿಗೆ ಚೀಲ ತೂಗಿಸಿ, ಸೊಂಟವನ್ನು ಅಸಹಜವಾಗಿ ತಿರುಚಿ ನಿಲ್ಲುತ್ತಾನೆ. ಬಳಿಕ ಎಂಟು ಗಂಟೆ ಕುರ್ಚಿ. ಮತ್ತೆ ಅದೇ ಹಿಡಿಕೆ. ಇಷ್ಟೆಲ್ಲ ದಣಿದ ಮೇಲೂ ಅದಕ್ಕೆ ವ್ಯಾಯಾಮವೆಂಬ ಹೆಸರಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕು. ಮಧ್ಯಮವೆಂದರೆ ಮಾತಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಉಸಿರೇರುವುದು. ರೈಲಿನಲ್ಲಿ ಭಜನಾ ಮಂಡಳಿಯವರು ಕಲ್ಯಾಣದಿಂದ ದಾದರಿನವರೆಗೂ ತಾಳ ಹಾಕಿ ಹಾಡಬಲ್ಲರು ಎಂಬುದೇ ಅಲ್ಲಿ ವ್ಯಾಯಾಮವಿಲ್ಲ ಎಂಬುದಕ್ಕೆ ಸಾಕ್ಷಿ.

ವೈದ್ಯರು ಸುಲಭವಾಗಿ ಹೇಳುವ ಮಾತು ‘ವಾಕಿಂಗ್ ಮಾಡಿ’ ಎಂದು. ಮಾತು ಸರಿಯೇ. ಆದರೆ ಎಲ್ಲಿ? ಠಾಣೆಯವರಿಗೆ ಮಾಸುಂದಾ ತಲಾವಿನ ಸುತ್ತು ಇದೆ, ಉಪವನ ಇದೆ. ಡೊಂಬಿವಲಿಯ ಸ್ಟೇಷನ್ ಆಸುಪಾಸಿನಲ್ಲಿ ಕಾಲುದಾರಿಯೆಂದರೆ ತರಕಾರಿ ಬುಟ್ಟಿಗಳ ನಡುವಿನ ಸಂದು. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊಣಕಾಲು ಸವೆದವರಿಗೆ ಪ್ರತಿ ಹೆಜ್ಜೆಯೂ ಒಂದು ಪೆಟ್ಟು.

ನೀರಿನಲ್ಲಿ ಈ ಲೆಕ್ಕವೇ ಬದಲಾಗುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತವರ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ; ಎದೆಯವರೆಗೆ ಇಳಿದರೆ ಮೂರನೆಯ ಒಂದು ಭಾಗದ ಆಸುಪಾಸು; ಕುತ್ತಿಗೆಯವರೆಗೆ ಇಳಿದರೆ ಹತ್ತನೆಯ ಒಂದು ಭಾಗ. ಎಪ್ಪತ್ತು ಕಿಲೋ ತೂಕದ ಹೆಂಗಸು ಕುತ್ತಿಗೆಯ ಮಟ್ಟದ ನೀರಿನಲ್ಲಿ ಏಳು ಕಿಲೋದ ಕೂಸು. ಕೀಲುಗಳು ಬಿಡುವು ಪಡೆದಿರುವಾಗಲೇ ಸ್ನಾಯುಗಳಿಗೆ ದುಡಿಮೆ ಸಿಗುತ್ತದೆ, ಏಕೆಂದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಕೈಯನ್ನು ಯಾವ ದಿಕ್ಕಿಗೆ ಚಾಚಿದರೂ ಅದು ಎದುರು ನಿಲ್ಲುತ್ತದೆ. ಜಿಮ್ಮಿನಲ್ಲಿ ಒಂದೊಂದು ಸ್ನಾಯುವಿಗೆ ಒಂದೊಂದು ಯಂತ್ರ ಬೇಕು. ಇಲ್ಲಿ ಹೆಗಲು, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ಒಂದೇ ಚಲನೆಯಲ್ಲಿ ದುಡಿಯುತ್ತವೆ. ನೀರಿಗೆ ಇನ್ನೊಂದು ಸೌಜನ್ಯವೂ ಇದೆ. ನೀವು ಮೆಲ್ಲನೆ ತಳ್ಳಿದರೆ ಅದೂ ಮೆಲ್ಲನೆ ಎದುರಿಸುತ್ತದೆ, ಜೋರಾಗಿ ತಳ್ಳಿದರೆ ಜೋರಾಗಿ. ಎಪ್ಪತ್ತರ ಅಜ್ಜಿಗೂ ಹದಿನೇಳರ ಹುಡುಗನಿಗೂ ಒಂದೇ ಕೊಳ ಸಾಕಾಗುವುದು ಇದರಿಂದ.

ಹೃದಯದ ಕಥೆ ಸ್ವಲ್ಪ ಸೂಕ್ಷ್ಮವಾದದ್ದು. ಕುತ್ತಿಗೆಯವರೆಗೆ ನೀರಿನಲ್ಲಿದ್ದಾಗ ನೀರಿನ ಒತ್ತಡ ಕಾಲು ಮತ್ತು ಹೊಟ್ಟೆಯ ಭಾಗದ ರಕ್ತವನ್ನು ಎದೆಯತ್ತ ಒತ್ತುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಆದ್ದರಿಂದ ಬಡಿತದ ಸಂಖ್ಯೆ ತಗ್ಗುತ್ತದೆ. ಮೈ ಅಡ್ಡವಾಗಿ ಮಲಗಿರುವುದರಿಂದ ರಕ್ತವನ್ನು ಮೇಲಕ್ಕೆತ್ತುವ ಶ್ರಮವೂ ಕಡಿಮೆ. ಎದೆಗೂಡಿನ ಮೇಲೆ ನೀರಿನ ಭಾರವಿರುವುದರಿಂದ ಉಸಿರೆಳೆಯುವ ಸ್ನಾಯುಗಳಿಗೆ ಮಾತ್ರ ಹೆಚ್ಚಿನ ಕೆಲಸ. ಗಡಿಯಾರದಂಥ ಯಂತ್ರ ಕಟ್ಟಿಕೊಂಡು ನಾಡಿ ಎಣಿಸುವ ನಮ್ಮ ಮಿತ್ರರು ‘ಓಡುವಾಗ ಇದ್ದಷ್ಟು ಏರುತ್ತಲೇ ಇಲ್ಲ, ಇದೆಂಥ ವ್ಯಾಯಾಮ’ ಎಂದು ಮೂಗು ಮುರಿಯುವುದುಂಟು. ಈಜುವಾಗ ನಾಡಿ ಹತ್ತರಷ್ಟು ಕಡಿಮೆ ತೋರುವುದು ಸಹಜ. ಅದು ಸೋಮಾರಿತನದ ಗುರುತಲ್ಲ. ಹೃದಯದ ಶಕ್ತಿ ಕುಂದಿದವರು, ಈಚೆಗೆ ಆಘಾತವಾದವರು ವೈದ್ಯರನ್ನು ಕೇಳದೆ ನೀರಿಗೆ ಇಳಿಯಬಾರದು ಎಂಬುದಕ್ಕೂ ಇದೇ ಕಾರಣ, ಎದೆಗೆ ಒಮ್ಮೆಲೇ ಹೆಚ್ಚು ರಕ್ತ ಬರುತ್ತದೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ನಮ್ಮಂಥವರಿಗಾಗಿಯೇ ಮಾಡಿದಂತಿದೆ. ಐವತ್ತು ದಾಟಿದ, ರಕ್ತದೊತ್ತಡ ತುಸು ಏರಿದ್ದ 43 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹನ್ನೆರಡು ವಾರ ಈಜು ಮಾಡಿಸಿದರು. ಈಜಿದವರ ಸಿಸ್ಟೋಲಿಕ್ ಒತ್ತಡ, ಅಂದರೆ ಮೇಲಿನ ಅಂಕಿ, ಸರಾಸರಿ 131ರಿಂದ 122ಕ್ಕೆ ಇಳಿಯಿತು. ರಕ್ತನಾಳಗಳ ಮೃದುತ್ವವೂ ಸುಧಾರಿಸಿತು. ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಕೀಲುಸವೆತ ಇದ್ದವರನ್ನು ಮೂರು ತಿಂಗಳು ಈಜಿಸಿ ನೋಡಿದಾಗ ನೋವು ಮತ್ತು ಬಿಗಿತ ಕಡಿಮೆಯಾದವು. ಸೈಕಲ್ ತುಳಿದವರಿಗೂ ಅಷ್ಟೇ ಲಾಭವಾಯಿತು ಎಂಬುದನ್ನೂ ಹೇಳಬೇಕು. ಆದರೆ ಕಲ್ಯಾಣ–ಶಿಳ್‌ ರಸ್ತೆಯಲ್ಲಿ ಐವತ್ತೈದರ ಗೃಹಿಣಿ ಸೈಕಲ್ ತುಳಿಯುವ ದೃಶ್ಯವನ್ನು ಊಹಿಸಿಕೊಂಡರೆ ನಮಗೆ ಕೊಳವೇ ಸುರಕ್ಷಿತವೆನಿಸುತ್ತದೆ.

ತೂಕದ ವಿಷಯದಲ್ಲಿ ನಾವು ಸುಳ್ಳು ಆಸೆ ಹುಟ್ಟಿಸಬಾರದು. ಅರುವತ್ತು ಕಿಲೋದವರು ಅರ್ಧ ಗಂಟೆ ನಿಧಾನವಾಗಿ ಈಜಿದರೆ ಸುಮಾರು 180 ಕ್ಯಾಲೊರಿ ವ್ಯಯವಾಗುತ್ತದೆ. ಸಾಧಾರಣ ನಡಿಗೆಗಿಂತ ಇದು ಹೆಚ್ಚು, ಆದರೆ ಕೊಳದ ಗೇಟಿನ ಹೊರಗೆ ನಿಂತ ಗಾಡಿಯ ಒಂದು ವಡಾಪಾವನ್ನು ಇದು ತೀರಿಸಲಾರದು. ನೀರು ತಣ್ಣಗಿದ್ದಷ್ಟೂ ಹೊರಬಂದ ಮೇಲಿನ ಹಸಿವು ಉಗ್ರ. ಈಜಿ ಬಂದವನು ಮನೆಯಲ್ಲಿ ಎರಡು ದೋಸೆಯ ಬದಲು ಐದು ತಿಂದು, ‘ಈಜಿಯೂ ಇಳಿಯಲಿಲ್ಲ’ ಎಂದು ನೀರಿನ ಮೇಲೆ ತಪ್ಪು ಹೊರಿಸುತ್ತಾನೆ. ಇದರಲ್ಲಿ ನಮ್ಮ ಸ್ವಾನುಭವವೂ ಇದೆ. ಇನ್ನೊಂದು ಸಂಗತಿ, ನೀರಿನಲ್ಲಿದ್ದರೂ ಮೈ ಬೆವರುತ್ತದೆ. ತೊಳೆದುಹೋಗುವುದರಿಂದ ತಿಳಿಯುವುದಿಲ್ಲ, ಅಷ್ಟೇ. ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನಿಗೆ ಭೀಮನ ಗರ್ಜನೆ ಕೇಳಿ ಬೆವರು ಬರಿಸಿದ ರನ್ನನನ್ನು ನಮ್ಮ ಮೇಷ್ಟರುಗಳು ಅತಿಶಯೋಕ್ತಿಗಾಗಿ ಮೆಚ್ಚಿದರು. ಕಾರಣ ಬೇರೆಯಿದ್ದರೂ ಶರೀರಶಾಸ್ತ್ರ ಕವಿಯ ಪರವಾಗಿಯೇ ಇದೆ. ಆದ್ದರಿಂದ ದಂಡೆಯಲ್ಲಿ ಒಂದು ಬಾಟಲಿ ಕುಡಿಯುವ ನೀರು ಇರಲಿ. ಸಕ್ಕರೆ ಕಾಯಿಲೆಯವರ ಬಳಿ ಜೊತೆಗೊಂದು ತುಂಡು ಬೆಲ್ಲವೋ ಗ್ಲೂಕೋಸೋ ಇರಲಿ.

ಈಜು ಸರ್ವರೋಗಕ್ಕೆ ಮದ್ದೆಂದು ಸಾರುವವರ ಸಾಲಿಗೆ ನಾವು ಸೇರುವುದಿಲ್ಲ. ಮೂಳೆಯ ವಿಷಯದಲ್ಲಿ ಅದು ಸೋಲುತ್ತದೆ. ಮೂಳೆ ಗಟ್ಟಿಯಾಗಲು ಭಾರ ಹೊರಬೇಕು, ನೆಲದ ಪೆಟ್ಟು ಸಿಗಬೇಕು. ಕೀಲುಗಳಿಗೆ ವರವಾದ ತೇಲುವಿಕೆಯೇ ಮೂಳೆಗೆ ಕೊರತೆ. ಮುಟ್ಟು ನಿಂತ ಹೆಂಗಸರಿಗೆ ಈಜಿನ ಜೊತೆ ಮೆಟ್ಟಿಲೇರುವುದು, ತುಸು ಭಾರ ಎತ್ತುವುದು ಬೇಕೇ ಬೇಕು. ಎಲ್ಲ ಬಗೆಯ ಈಜೂ ಎಲ್ಲರಿಗೂ ಒಗ್ಗುವುದಿಲ್ಲ. ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್ ಸ್ಟ್ರೋಕ್ ಮೊಣಕಾಲಿನ ಒಳಬದಿಯನ್ನು ತಿರುಚುತ್ತದೆ. ಮೊಣಕಾಲು ನೋವಿನವರು ಅದನ್ನು ಬಿಟ್ಟು ಕಾಲನ್ನು ನೇರವಾಗಿ ಮೇಲೆ ಕೆಳಗೆ ಆಡಿಸುವ ಬಗೆಯನ್ನೇ ಹಿಡಿಯಬೇಕು. ಹೆಗಲು ಜಾಮಾದವರಿಗೆ ಕ್ರಾಲ್ ಕಷ್ಟ. ನಮ್ಮ ಕಡೆಯ ಹಿರಿಯರು ಹೊಳೆಯಲ್ಲಿ ಕಲಿತ ತಲೆಯೆತ್ತಿದ ಈಜು ನೋಡಲು ಗಂಭೀರವಾಗಿದ್ದರೂ ಕುತ್ತಿಗೆಗೂ ಕೆಳಬೆನ್ನಿಗೂ ಹೊರೆ. ಬೆನ್ನುನೋವಿನವರಿಗೆ ಅಂಗಾತ ಈಜುವುದು ಲೇಸು. ಇದ್ಯಾವುದೂ ಬಾರದವರು ಎದೆಮಟ್ಟದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿರುಸಾಗಿ ನಡೆದರೂ ಸಾಕು, ಮೇಲೆ ಹೇಳಿದ ಲಾಭಗಳಲ್ಲಿ ಬಹುಪಾಲು ದಕ್ಕುತ್ತದೆ. ಈ ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. ಈಜು ಬಾರದಿದ್ದುದೇ ನೀರಿಗಿಳಿಯದಿರಲು ಕಾರಣವಾಗಬೇಕಿಲ್ಲ.

ಈಗ ಹೆಂಗಸರ ಮಾತಿಗೆ ಬರೋಣ. ನಮ್ಮಲ್ಲಿ ಬಹಳ ಮಂದಿ ನೀರಿನ ಊರುಗಳಿಂದಲೇ ಬಂದವರು. ನೇತ್ರಾವತಿ, ಸ್ವರ್ಣಾ, ಸೀತಾ, ಶರಾವತಿ, ಗಂಗಾವಳಿ, ಅಘನಾಶಿನಿ, ಬಡಗಣವರಾದರೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಗಂಡುಹುಡುಗರ ಸೊಂಟಕ್ಕೆ ಬೆಂಡು ಕಟ್ಟಿ, ಇಲ್ಲವೇ ಬೆನ್ನಿಗೆ ಒಣ ಸೋರೆಬುರುಡೆ ಬಿಗಿದು ಬಾವಿಗೆ ತಳ್ಳಿದರು. ಎರಡು ದಿನ ನೀರು ಕುಡಿದು ಮೂರನೆಯ ದಿನ ಅವರು ಈಜಿದರು. ಅದೇ ಮನೆಯ ಹೆಣ್ಣುಮಕ್ಕಳು ಹೊಳೆಯ ಅಂಚಿನ ಕಲ್ಲಿನ ಮೇಲೆ ಬಟ್ಟೆ ಒಗೆದರು. ಮೊಣಕಾಲುದ್ದ ನೀರು ಅವರ ಗಡಿ. ಇಂದು ಠಾಣೆಯ ಕೊಳದ ದಂಡೆಯಲ್ಲಿ ಕುಳಿತ ತಾಯಿಗೂ ಅಂದು ಹೊಳೆಯ ಕಲ್ಲಿನ ಮೇಲೆ ಕುಳಿತ ಹುಡುಗಿಗೂ ಇರುವ ಅಂತರ ಕೆಲವೇ ಅಡಿಗಳದ್ದು. ಹಳೆಯ ಮಹಾಕಾವ್ಯಗಳಿಗೆ ಕಡ್ಡಾಯವಾಗಿದ್ದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಅಲ್ಲಿ ನೀರಿಗಿಳಿಯುವವರು ಹೆಚ್ಚಾಗಿ ಹೆಂಗಸರೇ, ನೋಡುವ ಕಣ್ಣು ಮಾತ್ರ ಗಂಡಸಿನದು. 12ನೆಯ ಶತಮಾನದ ಚಾಲುಕ್ಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ನೀರಾಟಕ್ಕೂ ಜಾಗ ಕೊಟ್ಟಿದ್ದಾನೆ. ಅವನ ಕಲ್ಯಾಣ ಬೇರೆ, ನಾವು ಲೋಕಲ್ ಹಿಡಿಯುವ ಕಲ್ಯಾಣ ಬೇರೆ. ಕಾವ್ಯದಲ್ಲಿ ವಿನೋದವಾದದ್ದು ಬಾಳಿನಲ್ಲಿ ನಿಷಿದ್ಧವಾಯಿತು. ಸಂಸಾರವನ್ನು ಈಜಿಗೆ ಹೋಲಿಸಿದ ದಾಸರ ಪದವನ್ನು ನಮ್ಮ ಮಹಿಳಾ ಭಜನಾ ಮಂಡಳಿಗಳು ಸೊಗಸಾಗಿ ಹಾಡುತ್ತವೆ. ಹಾಡುವವರಲ್ಲಿ ನಿಜವಾಗಿ ಈಜು ಬಲ್ಲವರು ಎಷ್ಟು ಮಂದಿ ಎಂದು ಕೇಳಿದರೆ ನಗು ಬರುತ್ತದೆ, ಆಮೇಲೆ ಬೇಸರವೂ ಆಗುತ್ತದೆ.

ಎರಡು ವರ್ಷಗಳ ಕೆಳಗೆ ನಮ್ಮ ಬಳಗದ ಐದು ಮಂದಿ, ಮೂವರು ಹೆಂಗಸರು ಮತ್ತು ಇಬ್ಬರು ಗಂಡಸರು, ಕಲಿಯಲು ಹೊರಟೆವು. ಎಲ್ಲರೂ ಐವತ್ತರ ಆಚೆಯವರು. ಮೊದಲು ಹೋದ ಕೊಳದ ಕಚೇರಿಯಲ್ಲಿ ಗುಮಾಸ್ತರು ಅರ್ಜಿಯ ನಮೂನೆ ಕೊಡುವ ಮುನ್ನ ‘ಮಕ್ಕಳ ವಯಸ್ಸೆಷ್ಟು’ ಎಂದು ಕೇಳಿದರು. ನಮಗೇ ಎಂದಾಗ ತಲೆಯೆತ್ತಿ ನೋಡಿ, ‘ಆತಾ ಕಶಾಲಾ’ ಅಂದರು, ಈಗ ಯಾತಕ್ಕೆ ಎಂದು. ಅಲ್ಲಿ ಹೆಂಗಸರ ಪ್ರತ್ಯೇಕ ಸಮಯ ಇದ್ದದ್ದು ವಾರದ ದಿನಗಳಲ್ಲಿ ಬೆಳಗಿನ ಹನ್ನೊಂದೂವರೆಗೆ. ಆ ಹೊತ್ತಿಗೆ ಉದ್ಯೋಗಸ್ಥೆ ಕಚೇರಿಯಲ್ಲಿರುತ್ತಾಳೆ, ಗೃಹಿಣಿ ಒಲೆಯ ಮುಂದಿರುತ್ತಾಳೆ. ಆ ಸಮಯವನ್ನು ನಿಗದಿ ಮಾಡಿದವರು ಯಾವ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ನಮಗೆ ಬಗೆಹರಿಯಲಿಲ್ಲ. ಕೊನೆಗೆ ಇನ್ನೊಂದು ಕೊಳದಲ್ಲಿ ಶನಿವಾರ, ಭಾನುವಾರದ ಬೆಳಿಗ್ಗೆ ಜಾಗ ಸಿಕ್ಕಿತು.

ದೊಡ್ಡವರು ಕಲಿಯುವುದು ನಿಧಾನ, ಏಕೆಂದರೆ ದೊಡ್ಡವರಿಗೆ ಸಾವಿನ ಅರಿವಿದೆ. ಮೊದಲ ಎರಡು ವಾರ ನಾವು ಮಾಡಿದ್ದು ಕೊಳದ ಅಂಚನ್ನು ಹಿಡಿದು, ಮುಖವನ್ನು ನೀರಿನಲ್ಲಿ ಅದ್ದಿ ಗುಳುಗುಳು ಗುಳ್ಳೆ ಬಿಡುವುದೊಂದೇ. ಪಕ್ಕದಲ್ಲಿ ಆರು ವರ್ಷದ ಮಕ್ಕಳು ಮೀನಿನಂತೆ ಹಾದುಹೋಗುತ್ತಿದ್ದವು. ಆದರೆ ಈಜಿನ ಗುಟ್ಟು ಆ ಗುಳ್ಳೆಗಳಲ್ಲೇ ಇದೆ ಎಂಬುದು ಮೂರನೆಯ ವಾರ ತಿಳಿಯಿತು. ಹೆದರಿದವನು ಉಸಿರನ್ನು ಒಳಗೇ ಬಿಗಿಹಿಡಿಯುತ್ತಾನೆ. ಹಳೆಯ ಉಸಿರು ಹೊರಹೋಗದೆ ಹೊಸದು ಒಳಬರುವುದು ಹೇಗೆ? ನೀರಿನೊಳಗೆ ಪೂರ್ತಿ ಉಸಿರು ಬಿಟ್ಟು, ಮೇಲೆ ಬಂದಾಗ ಎಳೆದುಕೊಳ್ಳುವುದನ್ನು ಕಲಿತರೆ ಅರ್ಧ ಈಜು ಬಂದಂತೆ. ಎರಡನೆಯದು ತೇಲುವ ನಂಬಿಕೆ. ಶ್ವಾಸಕೋಶ ತುಂಬಿಕೊಂಡ ಮನುಷ್ಯದೇಹ ನೀರಿಗಿಂತ ಕೂದಲೆಳೆಯಷ್ಟು ಹಗುರ. ಕೈಕಾಲು ಬಡಿದವನು ಮುಳುಗುತ್ತಾನೆ, ಅಂಗಾತ ಮಲಗಿ ಕಿವಿಯನ್ನು ನೀರಿಗೆ ಒಪ್ಪಿಸಿ ಸುಮ್ಮನಿದ್ದವನು ತೇಲುತ್ತಾನೆ. ಇದರಲ್ಲಿ ಹೆಂಗಸರಿಗೆ ಪ್ರಕೃತಿಯ ಅನುಕೂಲವಿದೆ. ಅವರ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದರಿಂದ ಸುಲಭವಾಗಿ ತೇಲುತ್ತಾರೆ. ನಮ್ಮ ಬಳಗದಲ್ಲಿ ಮೊದಲು ತೇಲಿದವರೂ ಹೆಂಗಸರೇ. ಗಂಡಸರಿಬ್ಬರ ಕಾಲುಗಳು ಬಹಳ ದಿನ ಲಂಗರಿನಂತೆ ಕೆಳಗೆಳೆಯುತ್ತಿದ್ದವು.

ಮೂರು ತಿಂಗಳ ಕೊನೆಗೆ ನಾಲ್ವರು ಕೊಳದ ಅಗಲವನ್ನು ದಾಟಿದರು. ಐದನೆಯವರು ಇಂದಿಗೂ ಎದೆಮಟ್ಟದ ನೀರಿನಲ್ಲಿ ನಡೆಯುತ್ತಾರೆ. ಅವರ ಮೊಣಕಾಲು ನೋವು ಉಳಿದೆಲ್ಲರದ್ದಕ್ಕಿಂತ ಹೆಚ್ಚು ತಗ್ಗಿದೆ. ಯಾರ ತೂಕವೂ ನಾಟಕೀಯವಾಗಿ ಇಳಿಯಲಿಲ್ಲ. ಒಬ್ಬರಿಗೆ ಕ್ಲೋರಿನ್ ಒಗ್ಗದೆ ಕೆಲವು ದಿನ ಸೀನು, ಇನ್ನೊಬ್ಬರಿಗೆ ಒಮ್ಮೆ ಕಿವಿಸೋಂಕು. ಲಾಭವೆಂದರೆ ನಿದ್ರೆ. ಶನಿವಾರದ ರಾತ್ರಿಯ ನಿದ್ರೆಯನ್ನು ನಾವು ಎಷ್ಟು ಹೊಗಳಿದರೂ ಸಾಲದು. ಇನ್ನೊಂದನ್ನು ಯಾವ ಅಧ್ಯಯನವೂ ಅಳೆಯಬೇಕಾಗಿಲ್ಲ: ನೀರಿನೊಳಗೆ ಮೊಬೈಲು ಇಲ್ಲ. ಮುಕ್ಕಾಲು ಗಂಟೆ ಯಾರೂ ನಮ್ಮನ್ನು ಕರೆಯಲಾರರು. ಮನೆಯ ಗ್ಯಾಸು, ಮಗಳ ಪರೀಕ್ಷೆ, ಊರಿನ ಆಸ್ತಿಯ ತಕರಾರು ಎಲ್ಲವೂ ದಂಡೆಯ ಮೇಲಿನ ಚೀಲದಲ್ಲೇ ಉಳಿಯುತ್ತವೆ. ಗೃಹಿಣಿಯಾಗಿರುವ ಒಬ್ಬ ಗೆಳತಿ, ಮದುವೆಯಾದ ಮೇಲೆ ತನಗೆ ಸಿಕ್ಕ ಮೊದಲ ಖಾಸಗಿ ಕೋಣೆ ಇದು ಎಂದರು.

ಕೊಳಗಳು ಕಡಿಮೆ ಎಂಬ ದೂರು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನಗರಪಾಲಿಕೆಗಳ ಕೊಳಗಳು ಜನಸಂಖ್ಯೆಗೆ ಹೋಲಿಸಿದರೆ ಬೆರಳೆಣಿಕೆಯವು. ಕೆರೆಗಳ ನಗರವೆಂದು ಹೆಸರಾದ ಠಾಣೆಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಕೆರೆಗಳಿವೆ, ಆದರೆ ಅಲ್ಲಿ ದೋಣಿವಿಹಾರ ಮಾಡಬಹುದೇ ಹೊರತು ಈಜುವ ನೀರು ಅದಲ್ಲ. ಇತ್ತ ಘೋಡಬಂದರ್ ರಸ್ತೆಯ ಎರಡೂ ಬದಿಯ ಗೋಪುರಗಳನ್ನು ನೋಡಿ. ಮಾರಾಟದ ಫಲಕಗಳಲ್ಲಿ ಮೊದಲು ಕಾಣಿಸುವುದೇ ನೀಲಿ ಕೊಳ. ಮನೆ ಕೊಂಡವರು ತಿಂಗಳು ತಿಂಗಳು ಅದರ ನಿರ್ವಹಣೆಗೆ ಹಣ ಕಟ್ಟುತ್ತಾರೆ. ವಾರದ ದಿನ ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿದರೆ ಕೊಳ ನಿರ್ಜನ. ಹಿರಿಯ ನಾಗರಿಕರು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ, ದೇವಸ್ಥಾನದ ಪುಷ್ಕರಣಿಗೆ ಹಾಕುವಂತೆ. ಆ ಕೊಳಗಳ ಆಳ ಸಾಮಾನ್ಯವಾಗಿ ನಾಲ್ಕು ಅಡಿ. ಈಜುಪಟುವಿಗೆ ಅದು ಸಾಲದು, ಮೊಣಕಾಲು ನೋವಿನ ಅಜ್ಜಿಗೆ ಹೇಳಿ ಮಾಡಿಸಿದಂತಿದೆ. ಕನ್ನಡದ ಹತ್ತು ಮನೆಗಳಿರುವ ಸೊಸೈಟಿಗಳಲ್ಲಿ ನಮ್ಮವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಬೆಳಿಗ್ಗೆ ಒಂದು ಗಂಟೆ ಹಿರಿಯರಿಗೆ, ಒಂದು ಗಂಟೆ ಹೆಂಗಸರಿಗೆ, ಆ ಹೊತ್ತಿಗೆ ಒಬ್ಬ ಜೀವರಕ್ಷಕ ಎಂದು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಪಾರ್ಕಿಂಗಿಗಾಗಿ ಜಗಳವಾಡುವ ಉತ್ಸಾಹದ ಕಾಲುಭಾಗ ಸಾಕು.

ವ್ಯಾಯಾಮದ ಮಾತಿನ ನಡುವೆ ಪ್ರಾಣದ ಮಾತನ್ನು ಮರೆಯಲಾಗದು. ನಮ್ಮ ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮಳೆ ಹಿಡಿದೊಡನೆ ಬದಲಾಪುರ, ಕೊಂಡೇಶ್ವರದ ಕಡೆಗೆ ವಿಹಾರಕ್ಕೆ ಹೋದವರ ಸುದ್ದಿ ಬರತೊಡಗುತ್ತದೆ. 2019ರ ಜುಲೈ 27ರಂದು ಉಲ್ಹಾಸ ನದಿಯ ನೆರೆಯಲ್ಲಿ ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಬಿದ್ದು, ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತಂದದ್ದು ನೆನಪಿರಬಹುದು. ಕೊಲ್ಹಾಪುರದ ದಾರಿಯಾಗಿ ಬೆಳಗಾವಿಗೆ ಹೋಗುವ ನಮ್ಮವರಿಗೆ ಆ ರೈಲು ಪರಿಚಿತ. ಕೊಳದಲ್ಲಿ ಕಲಿತ ಈಜು ನೆರೆಯ ನದಿಯನ್ನು ಗೆಲ್ಲುತ್ತದೆಂದು ಯಾರೂ ಭ್ರಮಿಸಬಾರದು. ಅರೆಬರೆ ಈಜಿನ ಧೈರ್ಯವೇ ಅನೇಕರನ್ನು ಕೊಂದಿದೆ. ಆದರೆ ತೇಲಲು ಬಲ್ಲವನಿಗೆ ನೆರವು ಬರುವವರೆಗಿನ ಕೆಲವು ನಿಮಿಷಗಳು ಸಿಗುತ್ತವೆ. ನಿಶಾ ಮಿಲ್ಲೆಟ್ ಈಜು ಕಲಿತದ್ದೇ ಚಿಕ್ಕಂದಿನಲ್ಲಿ ಮುಳುಗಿ ಬದುಕಿದ ಬಳಿಕ, ತಂದೆಯ ಒತ್ತಾಯದಿಂದ.

ನಮ್ಮ ಸಂಘಸಂಸ್ಥೆಗಳಿಗೆ ಒಂದು ವಿನಂತಿ. ಡೊಂಬಿವಲಿಯಿಂದ ನವಿ ಮುಂಬಯಿಯವರೆಗೆ ಕನ್ನಡ ಸಂಘಗಳು ಶಾಲೆ ನಡೆಸಿವೆ, ಯಕ್ಷಗಾನ ಆಡಿಸಿವೆ, ರಕ್ತದಾನ ಮತ್ತು ನೇತ್ರ ತಪಾಸಣೆಯ ಶಿಬಿರಗಳನ್ನು ನಡೆಸಿವೆ. ಸಕ್ಕರೆ ಎಷ್ಟಿದೆ ಎಂದು ಅಳೆದು ಚೀಟಿ ಕೊಡುವುದರ ಜೊತೆಗೆ ಅದನ್ನು ಇಳಿಸುವ ದಾರಿಯನ್ನೂ ತೋರಿಸಬಹುದಲ್ಲವೇ? ಇಪ್ಪತ್ತೈದು ಹೆಂಗಸರ ಹೆಸರಿನ ಪಟ್ಟಿ ಹಿಡಿದು ಒಂದು ಸಂಘ ಪಾಲಿಕೆಯ ಕ್ರೀಡಾ ವಿಭಾಗಕ್ಕೆ ಹೋದರೆ, ಭಾನುವಾರದ ಒಂದು ಗಂಟೆಯನ್ನೂ ಒಬ್ಬ ಮಹಿಳಾ ತರಬೇತುದಾರರನ್ನೂ ಕೇಳುವುದು ಸಾಧ್ಯ. ಒಬ್ಬೊಬ್ಬರಾಗಿ ಹೋದರೆ ಗುಮಾಸ್ತರು ‘ಈಗ ಯಾತಕ್ಕೆ’ ಎನ್ನುತ್ತಾರೆ. ಇಪ್ಪತ್ತೈದು ಮಂದಿಗೆ ಹಾಗೆನ್ನುವುದು ಕಷ್ಟ. 2023ರ ನವೆಂಬರಿನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ ಹಿರಿಯರ ರಾಷ್ಟ್ರೀಯ ಮಾಸ್ಟರ್ಸ್ ಈಜುಸ್ಪರ್ಧೆ ನಡೆಯಿತು. ಅಂಥ ಕೂಟಗಳಲ್ಲಿ ಅರುವತ್ತು, ಎಪ್ಪತ್ತು ದಾಟಿದವರೂ ನೀರಿಗೆ ಹಾರುತ್ತಾರೆ. ನಮ್ಮವರು ಸ್ಪರ್ಧಿಸಬೇಕೆಂದು ನಾವು ಹೇಳುತ್ತಿಲ್ಲ. ಆ ವಯಸ್ಸಿನ ಮೈ ನೀರಿನಲ್ಲಿ ಏನೆಲ್ಲ ಮಾಡಬಲ್ಲದು ಎಂಬುದು ಕಣ್ಣೆದುರಿಗಿರಲಿ.

ಉಡುಪಿನ ಸಂಕೋಚಕ್ಕೂ ಒಂದು ಮಾತು, ಏಕೆಂದರೆ ಮೂವರಲ್ಲಿ ಇಬ್ಬರು ಹೆಂಗಸರು ನಮ್ಮೊಡನೆ ಮೊದಲು ಎತ್ತಿದ ಪ್ರಶ್ನೆ ಅದೇ. ಹತ್ತಿಯ ಚೂಡಿದಾರ್, ಸೀರೆ ನಡೆಯುವುದಿಲ್ಲ. ಅದು ಮಡಿವಂತಿಕೆಯ ವಿರುದ್ಧದ ನಿಯಮವಲ್ಲ; ಹತ್ತಿ ನೀರು ಹೀರಿ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ, ಅದರ ನೂಲಿನ ಎಳೆಗಳು ಶೋಧಕ ಯಂತ್ರಕ್ಕೆ ಸಿಕ್ಕುತ್ತವೆ. ಮಣಿಕಟ್ಟಿನಿಂದ ಹರಡಿನವರೆಗೆ ಮುಚ್ಚುವ ನೈಲಾನಿನ ಪೂರ್ಣ ಉಡುಪು ಠಾಣೆ, ಡೊಂಬಿವಲಿಯ ಕ್ರೀಡಾಸಾಮಗ್ರಿ ಅಂಗಡಿಗಳಲ್ಲೇ ಸಿಗುತ್ತದೆ. ನಮ್ಮ ಬಳಗದ ಮೂವರೂ ಅದನ್ನೇ ಧರಿಸುತ್ತಾರೆ. ಮೊದಲ ದಿನ ಟವೆಲು ಸುತ್ತಿಕೊಂಡು ನೀರಿನ ಅಂಚಿನವರೆಗೆ ಬಂದವರು ಹತ್ತನೆಯ ದಿನ ಟವೆಲನ್ನು ಎಲ್ಲಿ ಇಟ್ಟೆವೆಂದು ಹುಡುಕುತ್ತಿದ್ದರು.

ಬೇಸಿಗೆಯ ನೂಕುನುಗ್ಗಲಿಗೆ ಮುಂಚೆ ಹೋಗುವುದು ಒಳ್ಳೆಯದು. ಚಳಿಗಾಲ ಮುಗಿದು ನೀರು ಬೆಚ್ಚಗಾಗುವ ಫೆಬ್ರವರಿ ಕೊನೆಯ ದಿನಗಳಲ್ಲಿ ಕೊಳಗಳು ಖಾಲಿಯಿರುತ್ತವೆ, ತರಬೇತುದಾರರಿಗೂ ತಾಳ್ಮೆಯಿರುತ್ತದೆ. ಎರಡು ಭಾವಚಿತ್ರ, ಗುರುತಿನ ಚೀಟಿಯ ಪ್ರತಿ, ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಆರು ಬೇಸಿಗೆ ದಂಡೆಯಲ್ಲಿ ಕಳೆದೆವೆಂದ ಆ ತಾಯಿ ಕಳೆದ ತಿಂಗಳು ನಮೂನೆಯನ್ನು ಮನೆಗೊಯ್ದಿದ್ದಾರೆ. ಮಗ ಅದನ್ನು ತುಂಬಿಕೊಟ್ಟಿದ್ದಾನಂತೆ, ವೈದ್ಯರ ಸಹಿಯೊಂದು ಬಾಕಿ.